ಇನ್ನೂರಾ ಆರನೆಯ ಸೀಸೆ

ಮೋಟೆಬೆನ್ನೂರಿನ ಫಕ್ಕೀರವ್ವನಿಗೆ ಬಸ್ಸಿನಲ್ಲಿ ಕೂತರೆ ಸಾಕು, ಕಣ್ಣು ತೂಗುತ್ತಿತ್ತು. ಅದು ಪೂರಾ ನಿದ್ದೆಯಲ್ಲ. ಹೆದ್ದಾರಿ ಪಕ್ಕದ ಗೋವಿನಜೋಳದ ಹೊಲಗಳು ಹಿಂದೆ ಸರಿಯುವುದು ಕಾಣುತ್ತಿತ್ತು, ಕಂಡಕ್ಟರನ ಸೀಟಿ ಕೇಳುತ್ತಿತ್ತು. ಅದರ ನಡುವೆಯೇ ಬೇರೆ ಏನೇನೋ ಬಂದು ಹೋಗುತ್ತಿತ್ತು. ತೀರಿಹೋದ ಅವ್ವ ಮುಂದಿನ ಸೀಟಿನಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಬಸ್ಸು ಡಾಂಬರು ಬಿಟ್ಟು ನೀರಿನ ಮೇಲೆ ಸದ್ದಿಲ್ಲದೆ ಸಾಗುತ್ತಿತ್ತು. ಎಷ್ಟೇ ಜೊಂಪು ಹತ್ತಲಿ, ತೊಡೆಯ ಮೇಲಿನ ನೀಲಿ ಡಬ್ಬಿಯ ಹಿಡಿಕೆಯಿಂದ ಆಕೆಯ ಕೈ ಮಾತ್ರ ಸಡಿಲುತ್ತಿರಲಿಲ್ಲ.

ಆ ಡಬ್ಬಿ ಒಯ್ಯುವುದೇ ಆಕೆಯ ಕೆಲಸ. ಅದಕ್ಕೂ ಮೊದಲು ಹದಿನೆಂಟು ವರ್ಷ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದ್ದಳು. ಘಾಟು ಎದೆಗೆ ಹತ್ತಿ ಕೆಮ್ಮು ನಿಲ್ಲದಾದಾಗ ಬಿಟ್ಟಳು. ಗಂಡ ಹಾಲೇಶಪ್ಪ ಈಗಲೂ ಅಲ್ಲಿಯ ಮಾರುಕಟ್ಟೆಯಲ್ಲಿ ಹಮಾಲ. ಆಕೆ ಮನೆಯಲ್ಲಿ ಕೂತ ಮೂರನೇ ತಿಂಗಳಿಗೆ, ಹೆಂಗಸರ ಗರ್ಭಕೊರಳಿನ ರೋಗದ ಬಗ್ಗೆ ಅಧ್ಯಯನ ಮಾಡುವ ತಂಡವೊಂದು ಹಾವೇರಿಗೆ ಬಂತು. ಅಲ್ಲೊಂದು ಮನೆ ಹಿಡಿದು ಪ್ರಯೋಗಾಲಯ ಮಾಡಿಕೊಂಡಿತು. ಮಂಗಳವಾರ ರಾಣೆಬೆನ್ನೂರಿನಲ್ಲಿ, ಶುಕ್ರವಾರ ಬ್ಯಾಡಗಿಯಲ್ಲಿ ತಪಾಸಣೆ. ಬಂದ ಪ್ರತಿ ಹೆಂಗಸಿನಿಂದ ಎರಡು ಹತ್ತಿಕಡ್ಡಿಗಳಲ್ಲಿ ಮಾದರಿ ತೆಗೆಯುತ್ತಿದ್ದರು. ಒಂದು, ಎಚ್‌ಪಿವಿ ಎಂಬ ವೈರಸ್ಸು ಇದೆಯೋ ಇಲ್ಲವೋ ನೋಡಲು. ಇನ್ನೊಂದು, ಗರ್ಭಕೊರಳಿನ ಬಾಯಿಯ ಹತ್ತಿರದ ದ್ರವ. ಅವನ್ನು ಅದೇ ದಿನ ತಣ್ಣಗೆ ಹಾವೇರಿಗೆ ಮುಟ್ಟಿಸಬೇಕಿತ್ತು. ಆ ಕೆಲಸ ಫಕ್ಕೀರವ್ವನಿಗೆ ಸಿಕ್ಕಿತು.

ಪ್ರಯೋಗಾಲಯದ ಶಾಹೀನ್, ರಾಣೆಬೆನ್ನೂರಿನ ಹುಡುಗಿ, ಮೊದಲ ದಿನವೇ ತಿಳಿಸಿ ಹೇಳಿದ್ದಳು.

"ಅಕ್ಕ, ಈ ದ್ರವಕ್ಕ ಬಿಸಲು ತಾಗಬಾರದು. ಮೈಯಾಗ ವೈರಸ್ ಹೊಕ್ಕಾಗ ಮೈ ಅದರ ಕೂಡ ಗುದ್ದಾಡತೈತಲ್ಲ, ಆಗ ಕೆಲವು ಪ್ರೋಟೀನು ಹೆಚ್ಚು ಕಡಿಮಿ ಆಗ್ತಾವು. ಅವು ಗುದ್ದಾಟದ ಗುರುತು. ಬಾಳ ನಾಜೂಕು. ಕಾವು ಹತ್ತಿದ್ರ ಅಳಿಸಿ ಹೋಗ್ತಾವು."

"ಆ ಗುರುತು ತಗೊಂಡು ಏನ್ ಮಾಡ್ತೀರಿ ಯವ್ವಾ?"

"ವೈರಸ್ ಬಾಳ ಮಂದಿಗೆ ಬರತೈತಿ, ತಾನ ಹೋಗತೈತಿ. ಕೆಲವರಿಗಷ್ಟ ಉಳಕೊಂಡು ಮುಂದ ರೋಗ ಮಾಡತೈತಿ. ಆ ಕೆಲವರು ಯಾರು ಅಂತ ಈ ಗುರುತು ನೋಡಿ ಮೊದಲ ಹೇಳಾಕ ಬರತೈತೇನು, ಅದನ್ನ ಹುಡುಕಾಕತ್ತೇವಿ."

ಸೀಸೆಗಳ ಮೇಲೆ ಹೆಸರಿರುತ್ತಿರಲಿಲ್ಲ, ಅಂಕಿ ಮಾತ್ರ. ಫಕ್ಕೀರವ್ವ ಬಸ್ಸಿನ ಜೊಂಪಿನಲ್ಲಿ ಆ ಅಂಕಿಗಳಿಗೆ ಮುಖ ಕೊಡುತ್ತಿದ್ದಳು. ನೂರಾ ಹದಿನೇಳು ಬಾಯಿತುಂಬ ನಗುವವಳಾಗಿರಬೇಕು. ನೂರಾ ನಲವತ್ತು ಯಾರಿಗೂ ಹೇಳದೆ ಬಂದವಳು, ಸೆರಗು ಬಿಗಿಯಾಗಿ ಹೊದ್ದವಳು. ಅವರೆಲ್ಲ ಡಬ್ಬಿಯೊಳಗೆ ತಂಪಿನಲ್ಲಿ ಮಂಡಿ ಮಡಚಿ ಕೂತು ಪಿಸುಮಾತಾಡುತ್ತಿದ್ದಾರೆ ಎನಿಸಿ, ಬಸ್ಸು ಕುಲುಕಿದಾಗ ಡಬ್ಬಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಿದ್ದಳು.

ಏಪ್ರಿಲಿನ ಒಂದು ಶುಕ್ರವಾರ ಬ್ಯಾಡಗಿಯ ತಪಾಸಣೆಯ ಕೋಣೆಯಲ್ಲಿ ತಂಡದ ಡಾಕ್ಟರ್ ಶಿಲ್ಪಾ ಕೈಗವಸು ಬಿಚ್ಚುತ್ತ ಕೇಳಿದರು.

"ಫಕ್ಕೀರವ್ವಾರ, ಎಲ್ಲಾರದೂ ಒಯ್ತೀರಿ. ನಿಮ್ಮದು ಯಾವಾಗ?"

ತನಗೂ ಅಂಥದೊಂದು ಮೈಯಿದೆ ಎಂಬುದೇ ಫಕ್ಕೀರವ್ವನಿಗೆ ಅಲ್ಲಿಯವರೆಗೆ ನೆನಪಾಗಿರಲಿಲ್ಲ. ಪರದೆಯ ಹಿಂದೆ ಹೋಗಿ ಮಲಗಿದಳು. ಹೊರಗೆ ಬಂದಾಗ ಆಕೆಯ ಸೀಸೆಗೆ ಇನ್ನೂರಾ ಆರು ಎಂಬ ಅಂಕಿ ಬಿದ್ದಿತ್ತು. ಅದನ್ನು ತಾನೇ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

ಅವತ್ತೇ ಬಸ್ಸು ಮೋಟೆಬೆನ್ನೂರು ದಾಟಿ ಹಾವೇರಿಯ ಕಡೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೈರು ಒಡೆಯಿತು. ಮಟಮಟ ಮಧ್ಯಾಹ್ನ. ಜನ ಇಳಿದು ಬೇವಿನ ಗಿಡದ ಕೆಳಗೆ ನಿಂತರು. ಲಾರಿಗಳು ಹಾದುಹೋದಾಗಲೆಲ್ಲ ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ರಸ್ತೆಯಾಚೆ ಹೊಲಗಳ ಮೇಲೆ ಗಾಳಿ ಕುದಿದು, ಮರಗಳು ನೆಲಬಿಟ್ಟು ತೇಲುತ್ತಿದ್ದವು. ಫಕ್ಕೀರವ್ವ ನೆರಳಿನಲ್ಲಿ ಕೂತು ಹಾಗೇ ನೋಡುತ್ತಿದ್ದಳು. ಆ ತೇಲುವ ಮರಗಳ ನಡುವಿನಿಂದ ಬಿಳಿ ಸೀರೆಯ ಹೆಂಗಸರ ಸಾಲೊಂದು ನಡೆದು ಬರುವಂತೆ ಕಂಡಿತು. ಕೊನೆಯವಳ ನಡಿಗೆ ತನ್ನದೇ ಎನಿಸಿದಾಗ ಬೆಚ್ಚಿ ಕಣ್ಣುಜ್ಜಿಕೊಂಡಳು. ಡಬ್ಬಿಯ ಮೇಲಿನ ಪುಟ್ಟ ಗಾಜಿನಲ್ಲಿ ಕಾವಿನ ಅಂಕಿ ಏಳು ಡಿಗ್ರಿಗೆ ಬಂದಿತ್ತು. ಎಂಟು ದಾಟಬಾರದು.

ಎದ್ದು ಹೆದ್ದಾರಿಯ ಅಂಚಿನಲ್ಲಿ ಬಿರಬಿರನೆ ನಡೆದಳು. ಅರ್ಧ ಫರ್ಲಾಂಗು ಮುಂದೆ ಗೂಡುಸಾಬ ಎಂಬ ಮುದುಕನ ಶರಬತ್ತಿನ ಗಾಡಿ ಇತ್ತು.

"ಲಿಂಬು ಶರಬತ್ತ ಕೊಡ್ಲೇನವಾ?"

"ಶರಬತ್ತ ಬ್ಯಾಡ್ರಿ. ಬರ್ಫ ಬೇಕು. ಇದ್ದಷ್ಟೂ ಬೇಕು."

ಮುದುಕ ಡಬ್ಬಿಯನ್ನೂ ಆಕೆಯ ಮುಖವನ್ನೂ ನೋಡಿದ. "ಏನೈತಿ ಒಳಗ? ಮೀನೇನು?"

"ಅಲ್ರಿ ಚಾಚಾ. ಹೆಣ್ಮಕ್ಕಳ ಜಡ್ಡು ತಪಾಸ ಮಾಡೂ ಸೀಸೆ ಅದಾವು. ಬಿಸಿ ಆದ್ರ ಎಲ್ಲಾ ಹಾಳಾಗಿ ಹೋಕ್ಕಾವು."

ಗೂಡುಸಾಬ ಗೋಣಿತಾಟಿನಲ್ಲಿ ಸುತ್ತಿದ್ದ ಬರ್ಫದ ಗಡ್ಡೆಯನ್ನು ಕುಟ್ಟಿ, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಕೊಟ್ಟ. ಆಕೆ ಡಬ್ಬಿ ತೆರೆದು ಸೀಸೆಗಳ ಸುತ್ತ ಒತ್ತಿ ಮುಚ್ಚಿದಳು. ಆತ ಆ ಹಸಿ ಗೋಣಿತಾಟನ್ನೇ ಡಬ್ಬಿಗೆ ಹೊದಿಸಿ, "ನನ್ನ ಮಗಳನ್ನೂ ಒಮ್ಮಿ ತೋರಸ್ಬೇಕು, ಎಲ್ಲಿಗೆ ಬರ್ಬೇಕು ಹೇಳು" ಎಂದ. ಆಕೆ ಹೇಳಿದಳು. ಹಿಂದಿನ ಬಸ್ಸು ಬರಲು ಮತ್ತೆ ಮುಕ್ಕಾಲು ತಾಸು ಹಿಡಿಯಿತು.

ಹಾವೇರಿಯಲ್ಲಿ ಶಾಹೀನ್ ಡಬ್ಬಿಯೊಳಗಿನ ಯಂತ್ರದ ದಾಖಲೆ ತೆಗೆದು ನೋಡಿದಳು. "ಎಂಟರ ಮ್ಯಾಲೆ ಹೋಗೇ ಇಲ್ಲಕ್ಕ," ಎಂದಳು. ಫಕ್ಕೀರವ್ವ ಅಲ್ಲೇ ನೆಲದ ಮೇಲೆ ಕೂತು ಒಂದು ಚೊಂಬು ನೀರು ಕುಡಿದಳು.

ಮೂರು ವಾರದ ನಂತರ ಡಾಕ್ಟರ್ ಶಿಲ್ಪಾ ಆಕೆಯನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ವೈರಸ್ಸು ಇತ್ತು.

"ಇದು ಕ್ಯಾನ್ಸರ್ ಅಲ್ಲ, ಮೊದಲ ಅದನ್ನ ತಿಳ್ಕೋರಿ," ಎಂದರು ಡಾಕ್ಟರು. "ವೈರಸ್ ಇದ್ದವರನ್ನೆಲ್ಲ ನಾವು ಯಂತ್ರದಾಗ ಕಣ್ಣೀಲೆ ನೋಡ್ತೇವಿ. ಬರೂ ಬುಧವಾರ ಹಾವೇರಿಗೆ ಬರ್ರಿ."

"ಇದು ಹೆಂಗ ಬರತೈತ್ರಿ?"

"ಗಂಡ ಹೆಂಡ್ತಿ ಕೂಡೂದ್ರಿಂದ. ಆದ್ರ ಯಾರಿಂದ, ಯಾವಾಗ ಅಂತ ಯಾರಿಗೂ ಹೇಳಾಕ ಬರಂಗಿಲ್ಲ. ಮದುವಿ ಆದ ಹೊಸದರಾಗ ಬಂದು ಇಪ್ಪತ್ತು ವರ್ಷ ಸುಮ್ಮನ ಕುಂತಿರಬಹುದು. ಯಾರದೂ ತಪ್ಪು ಹುಡಕಬ್ಯಾಡ್ರಿ."

ಅವತ್ತು ಬಸ್ಸಿನಲ್ಲಿ ಆಕೆಗೆ ಜೊಂಪು ಹತ್ತಲಿಲ್ಲ. ಇಪ್ಪತ್ತು ವರ್ಷ ಎಂಬ ಮಾತೇ ಕಿವಿಯಲ್ಲಿತ್ತು. ಇಬ್ಬರು ಮಕ್ಕಳು ಹುಟ್ಟಿದ್ದು, ಮನೆಗೆ ಹಂಚು ಹೊದಿಸಿದ್ದು, ಅವ್ವ ತೀರಿದ್ದು, ಎಲ್ಲದರಲ್ಲೂ ತನಗೆ ಗೊತ್ತಿಲ್ಲದ ಒಬ್ಬರು ತನ್ನೊಳಗೆ ಉಸಿರು ಬಿಗಿಹಿಡಿದು ಕೂತಿದ್ದರೆ?

ಸಂಜೆ ಹಾಲೇಶಪ್ಪ ಸ್ನಾನ ಮಾಡಿ ರೊಟ್ಟಿಗೆ ಕೂತಾಗ ಹೇಳಿದಳು. ಎಷ್ಟು ತಿಕ್ಕಿದರೂ ಹೋಗದ ಮೆಣಸಿನಕಾಯಿಯ ಕೆಂಪು ಅವನ ಅಂಗೈ ಗೆರೆಗಳಲ್ಲಿತ್ತು. ಅವನು ಆ ಕೈಯನ್ನೇ ನೋಡುತ್ತ ಕೇಳಿದ.

"ನನ್ನಿಂದ ಬಂತೇನು?"

"ಗೊತ್ತಾಗೂದಿಲ್ಲಂತ್ರಿ. ಹುಡಕಬ್ಯಾಡ್ರಿ ಅಂದ್ರು."

ಅವನು ರೊಟ್ಟಿ ಅರ್ಧಕ್ಕೆ ಬಿಟ್ಟು ಹೊರಗಿನ ಕಟ್ಟೆಗೆ ಹೋಗಿ ಕೂತ. ಸಿಟ್ಟೋ ನಾಚಿಕೆಯೋ ಆಕೆಗೆ ತಿಳಿಯಲಿಲ್ಲ. ಬುಧವಾರ ಬೆಳಿಗ್ಗೆ ಆಕೆ ಬಸ್‌ಸ್ಟಾಂಡಿಗೆ ಹೋದರೆ, ಹಬ್ಬದ ಬಿಳಿ ಅಂಗಿ ತೊಟ್ಟು ಅವನು ಆಗಲೇ ಅಲ್ಲಿ ನಿಂತಿದ್ದ. "ಹಮಾಲಿಗೆ ಇವತ್ತ ಬರಂಗಿಲ್ಲ ಅಂತ ಹೇಳೇನಿ," ಎಂದ, ಅಷ್ಟೇ.

ಡಾಕ್ಟರು ಶಿರ್ಕಾದಂಥ ಹುಳಿವಾಸನೆಯ ನೀರು ಸವರಿ ನೋಡಿದರು. ಒಂದು ಕಡೆ ಉಗುರಿನಷ್ಟಗಲ ಬೆಳ್ಳಗಾಯಿತು. ಅಲ್ಲಿಂದ ಸಾಸಿವೆ ಕಾಳಿನಷ್ಟು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟರೆ ಮುಂದೆಂದೋ ಆಗಬಹುದಾದ ಬದಲಾವಣೆ ಎಂದು ಉತ್ತರ ಬಂತು. ಇನ್ನೊಂದು ದಿನ ಕರೆದು ಆ ಜಾಗವನ್ನು ಸಣ್ಣ ಉಪಕರಣದಿಂದ ಸುಟ್ಟರು. ಕೆಳಹೊಟ್ಟೆ ಹಿಂಡಿದಂತಾಯಿತು, ಬೇಗ ಮುಗಿಯಿತು. ಮಂಚದ ಮೇಲೆ ಸ್ವಲ್ಪ ಹೊತ್ತು ಬಿಟ್ಟಿದ್ದರು. ಆ ಅರೆನಿದ್ದೆಯಲ್ಲಿ ತನ್ನ ಮೈಯೊಂದು ದೊಡ್ಡ ಮನೆಯಾಗಿ, ತಾನು ಅದರ ಕೋಣೆ ಕೋಣೆಗಳಲ್ಲಿ ಬರಿಗಾಲಲ್ಲಿ ತಿರುಗಿದಂತೆ, ಎಂದೂ ತೆರೆಯದ ಕಿಟಕಿಗಳನ್ನು ಒಂದೊಂದಾಗಿ ತೆರೆದಂತೆ ಆಯಿತು. ಎಲ್ಲ ಕಡೆಯಿಂದ ಬೆಳಗಿನ ಬೆಳಕು ಬರುತ್ತಿತ್ತು. ಆಕೆ ತಿಂಗಳೊಪ್ಪತ್ತು ಸುಧಾರಿಸಿಕೊಂಡು ಮತ್ತೆ ಕೆಲಸಕ್ಕೆ ಹೋದಳು.

ವರ್ಷ ಕಳೆದು ಅಧ್ಯಯನದ ಮೊದಲ ಹಂತ ಮುಗಿದ ಮೇಲೆ, ಆಕೆ ಕೇಳಿದ್ದಕ್ಕೆ, ಡಾಕ್ಟರ ಒಪ್ಪಿಗೆ ಪಡೆದು ಶಾಹೀನ್ ಇನ್ನೂರಾ ಆರರ ಕಥೆ ಹೇಳಿದಳು.

"ನಿಮ್ಮ ದ್ರವದಾಗಿನ ಗುರುತು ಎಲ್ಲಾ ಶಾಂತ ಇದ್ದವು ಅಕ್ಕ. ಅದನ್ನಷ್ಟ ನಂಬಿದ್ರ, ನಿಮಗ ಏನೂ ಇಲ್ಲಂತ ಮನಿಗೆ ಕಳಸ್ತಿದ್ವಿ."

ಫಕ್ಕೀರವ್ವನಿಗೆ ಬಸ್ಸಿನ ಟೈರು ಒಡೆದ ದಿನ ನೆನಪಾಯಿತು. "ಅಂದ್ರ ಅವತ್ತಿನ ಬಿಸಲಾಗ ಕೆಟ್ಟಿತ್ತೇನು?"

"ಇಲ್ಲ. ನೀವು ತಣ್ಣಗ ತಂದಿದ್ರಿ, ಅದಕ್ಕ ಆ ಉತ್ತರ ಖರೇ ಅಂತ ನಾವು ಹೇಳಾಕ ಬಂತು. ಬಾಳ ಮಂದೀದು ಗುರುತಿಗೂ ಜಡ್ಡಿಗೂ ತಾಳೆ ಆಗೈತಿ. ನಿಮ್ಮಂಗ ತಾಳೆ ಆಗದವರೂ ಅದಾರ. ಗುರುತೊಂದನ್ನ ನೆಚ್ಚಿಕೊಂಡು ಕುಂದ್ರಬಾರದು ಅಂತ ಅವರಿಂದ ಗೊತ್ತಾತು. ಇನ್ನೂ ಬಾಳ ಮಂದೀನ ನೋಡಬೇಕು."

ಚಿಕಿತ್ಸೆಯ ನಂತರ ಮತ್ತೆ ಮಾಡಿದ ಪರೀಕ್ಷೆಯ ಉತ್ತರ ಆಕೆಗೆ ಸಿಕ್ಕಿದ್ದು ರಾಣೆಬೆನ್ನೂರಿನ ಕೋಣೆಯಲ್ಲಿ, ಒಂದು ಮಂಗಳವಾರ. ವೈರಸ್ಸು ಕಂಡಿಲ್ಲ, ಆದರೂ ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು ಎಂದರು ಡಾಕ್ಟರು. ಆ ದಿನವೂ ಹಾಲೇಶಪ್ಪ ಜೊತೆಗಿದ್ದ. ಡಬ್ಬಿ ತಯಾರಾಗಲು ಇನ್ನೂ ಎರಡು ತಾಸು ಇತ್ತು. ಎಲ್ಲಿಗೆ ಎಂದು ಹೇಳದೆ ಅವನು ಆಟೋ ಹತ್ತಿಸಿ ಊರ ಹೊರಗೆ ಕರೆದೊಯ್ದ. ಕಟಾವಾದ ಹೊಲಗಳ ಬದುವಿನ ಮೇಲೆ ಇಬ್ಬರೂ ಕೂತರು. ಮದುವೆಯಾದ ಮೇಲೆ ಕೆಲಸವಿಲ್ಲದೆ ಹೀಗೆ ಒಂದು ಕಡೆ ಕೂತಿದ್ದು ಫಕ್ಕೀರವ್ವನಿಗೆ ನೆನಪಿರಲಿಲ್ಲ.

ದೂರದ ಜಾಲಿ ಗಿಡಗಳ ಹಿಂದಿನಿಂದ ಚಿಗರಿ ಜಿಂಕೆಗಳ ಹಿಂಡೊಂದು ಮೇಯುತ್ತ ಬಂತು. ಹಾಲೇಶಪ್ಪ ಬೆರಳು ಮಾಡಿ ತೋರಿಸಿದ. ಆಮೇಲೆ ಕೆಳದನಿಯಲ್ಲಿ ಕೇಳಿದ.

"ನಮ್ಮ ತಂಗಿ ಗಂಗಾಗೂ ಒಮ್ಮಿ ತೋರಸೂಣೇನು?"

"ತೋರಸೂಣ್ರಿ."

"ನೀನ ಹೇಳು ಆಕೀಗೆ. ನನಗ ಹೇಳಾಕ ಬಾಯಿ ಬರೂದಿಲ್ಲ."

"ನಾ ಹೇಳ್ತೇನಿ."

ಯಾವುದಕ್ಕೋ ಬೆದರಿ ಮುಂದಿನ ಚಿಗರಿ ಜಿಗಿಯಿತು. ಅದರ ಹಿಂದೆ ಇಡೀ ಹಿಂಡು ಒಂದೊಂದಾಗಿ ನೆಲದಿಂದೆದ್ದು, ಗಾಳಿಯಲ್ಲಿ ಅರೆಗಳಿಗೆ ನಿಂತು, ಬದುವಿನಾಚೆ ಇಳಿದು ಹೋಯಿತು.