ಬಾಗುವ ಕೋಲು

ನನ್ನ ಮೊದಲ ಗಾಳದ ಕೋಲನ್ನು ನಾನೇ ಆರಿಸಿದೆ ಎಂದರೆ ಸುಳ್ಳಾಗುತ್ತದೆ. ಅದು ನನ್ನ ಕೊರಳಿಗೆ ಬಿತ್ತು.

ಭಾಲ್ಕಿಯ ಹೈಸ್ಕೂಲಿನಲ್ಲಿ ಮಾಸ್ತರನಾಗಿರುವ ನನಗೆ ಈ ಹುಚ್ಚು ಹತ್ತಿದ್ದು ಹಿಮಾಚಲಕ್ಕೆ ಪ್ರವಾಸ ಹೋದಾಗ. ಅಲ್ಲೊಬ್ಬರು ಕೊರೆಯುವ ಹೊಳೆಯಲ್ಲಿ ಮೊಣಕಾಲ ಮಟ್ಟದ ನೀರಿನಲ್ಲಿ ನಿಂತು ಟ್ರೌಟ್ ಮೀನಿಗೆ ಗಾಳ ಹಾಕುತ್ತಿದ್ದರು. ಗಾಳದಲ್ಲಿ ಎರೆಹುಳ ಇರಲಿಲ್ಲ. ಪುಕ್ಕಕ್ಕೆ ದಾರ ಸುತ್ತಿ ಮಾಡಿದ ಹುಸಿ ನೊಣ ಇತ್ತು. ತೆಳ್ಳನೆಯ ಉದ್ದ ಕೋಲನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿದರೆ ದಾರ ಗಾಳಿಯಲ್ಲಿ ಬಿಚ್ಚಿಕೊಂಡು, ನೊಣ ನೀರಿನ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಹಿಡಿದ ಮೀನನ್ನು ಅವರು ಮತ್ತೆ ನೀರಿಗೇ ಬಿಟ್ಟರು. ಊರಿಗೆ ಬಂದು ಮನೆಯಲ್ಲಿ ಅದನ್ನೇ ಹೇಳಿದ್ದೇ ಹೇಳಿದ್ದು.

"ಹಿಡದು ಬಿಡೂದು? ಹಂಗಾರ ಹಿಡೀದ್ಯಾಕ?" ಎಂದ ಅಪ್ಪ.

ಆ ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು ಅದು. ಔರಾದ್ ಕಡೆಯ ಹಳ್ಳಿಯಲ್ಲಿ ಜೀವಮಾನವಿಡೀ ಕುರಿ ಕಾಯ್ದವನು ಅಪ್ಪ. ಮೊಣಕಾಲು ನೋವು ಹೆಚ್ಚಾದ ಮೇಲೆ ಕುರಿ ಮಾರಿಸಿ, ನಾನೇ ಹಟ ಹಿಡಿದು ಭಾಲ್ಕಿಗೆ ಕರೆತಂದಿದ್ದೆ. ಬಂದಾಗಿನಿಂದ ಹೊರಸಿನ ಮೇಲೆ ಕೂತವನು ಊಟಕ್ಕಷ್ಟೇ ಏಳುತ್ತಿದ್ದ. ಮಾತು ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ಕರೆತಂದು ಅವನನ್ನು ಕಳೆದುಕೊಳ್ಳುತ್ತಿದ್ದೇನೆಯೇ ಎಂದು ನನಗೆ ಭಯವಾಗಿತ್ತು. ಅದಕ್ಕೇ, "ಬಾರಪಾ, ಬೀದರಕ್ಕ ಹೋಗಿ ಒಂದ ಕೋಲ ನೋಡಿ ಬರೂಣು" ಎಂದೆ. ಕೋಲು ಎಂದದ್ದೇ ತಡ, ಎದ್ದು ರುಮಾಲು ಸುತ್ತಿಕೊಂಡ.

ಬೀದರಿನ ಅಂಗಡಿಯವನು ನನ್ನ ಆಸೆ ಕೇಳಿ ನಕ್ಕ. "ಟ್ರೌಟ್ ನಮ್ಮ ಕಡಿ ಎಲ್ಲಿ ಬರ್ತಾವ್ರಿ ಮಾಸ್ತರ? ಅವು ಥಂಡಿ ನೀರಿನವು. ಇಲ್ಲಿ ಜಿಲೇಬಿ ಮೀನಾ ನಿಮ್ಮ ನಸೀಬ. ಆದ್ರ ಅಂಥಾ ಕೋಲು ಒಂದ ಅದ. ಯಾರೋ ಆಫೀಸರು ಹೇಳಿ ತರಿಸಿದ್ರು, ಬದ್ಲಿ ಆಗಿ ಹೋದ್ರು."

ಚೀಲದಿಂದ ತೆಗೆದು ಎರಡು ತುಂಡು ಜೋಡಿಸಿ ಕೊಟ್ಟ. ಹಗುರ ಎಂದರೆ ಅಷ್ಟು ಹಗುರ. ನಾನು ಅಲುಗಾಡಿಸಿ ನೋಡಿ ಗೋಡೆಗೆ ಒರಗಿಸಿದೆ, ದಾರ ಯಾವುದು ಬೇಕೆಂದು ವಿಚಾರಿಸತೊಡಗಿದೆ. ಅಷ್ಟರಲ್ಲಿ ಅಪ್ಪ ಅದನ್ನು ಕೈಗೆತ್ತಿಕೊಂಡಿದ್ದ. ಕುರಿ ಕಾಯುವವರು ಕೋಲು ಆರಿಸುವ ರೀತಿಯೇ ಬೇರೆ. ತುದಿಯನ್ನು ನೆಲಕ್ಕೂರಿ ಮೈಭಾರವನ್ನೆಲ್ಲ ಅದರ ಮೇಲೆ ಬಿಡಬೇಕು. ಬಾಗಿದರೆ ಅದು ಬೇಡ, ಬೇರೆ ತಾ. ಹಳ್ಳ ದಾಟುವಾಗ, ತೋಳ ಎದುರಾದಾಗ ಬಾಗುವ ಕೋಲು ಯಾವ ಕೆಲಸಕ್ಕೆ? ಅಪ್ಪ ನನ್ನ ಸಲುವಾಗಿ ಅದೇ ಪರೀಕ್ಷೆ ಮಾಡಿದ. ಲಟ್ಟೆಂದು ಮುರಿಯಿತು.

"ತಿಳೀಲಾರದ್ದಕ್ಕ ಯಾಕ ಕೈ ಹಚ್ತಿ? ನಿನಗ ಕುರಿ ಬಿಟ್ರ ಬ್ಯಾರೆ ಏನ್ ತಿಳೀತದ?" ಎಂದು ಚೀರಿಬಿಟ್ಟೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಹೋಗ್ಲಿ ಬಿಡ್ರಿ, ಮುತ್ಯಾಗ ಏನ್ ಗೊತ್ತು?" ಎಂದು ಅಂಗಡಿಯವನೇ ಸಮಾಧಾನ ಹೇಳಿದ. "ಎಂಟ ದಿನ ಬಿಟ್ಟು ಬರ್ರಿ, ಜೋಡ್ಸಿ ಕೊಡ್ತೇನಿ. ಒಂದ ಗೇಣು ಗಿಡ್ಡ ಆಗ್ತದ, ಅಷ್ಟ."

ಮುರಿದ ಮೇಲೆ ಬೇಡವೆನ್ನಲು ಮುಖ ಎಲ್ಲಿತ್ತು? ಅದನ್ನೇ ಕೊಂಡೆ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ; ಬಸ್ಸು ಊರು ದಾಟುವುದರೊಳಗೆ ಇಳಿದೂ ಹೋಗಿತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಕ್ಕಳಿಂದ ಎಷ್ಟು ಸಲ ಕಾಪಿ ಬರೆಸಿದ್ದೇನೆ ಇದನ್ನು! ಮರುದಿನದಿಂದ ಅಪ್ಪ ಮನೆಯಲ್ಲಿ ಏನನ್ನೂ ಕೇಳದೆ ಮುಟ್ಟಲಿಲ್ಲ. "ಈ ನೀರಿನ ತಂಬಗಿ ತಗೋಲೇನವಾ?" ಎಂದು ನನ್ನ ಹೆಂಡತಿಯನ್ನು ಕೇಳುತ್ತಿದ್ದ. ಸೆಕೆಯಲ್ಲಿ ಕೂತಿರುತ್ತಿದ್ದನೇ ಹೊರತು ಫ್ಯಾನಿನ ಗುಂಡಿ ಒತ್ತುತ್ತಿರಲಿಲ್ಲ. ಒಮ್ಮೆ ತನ್ನ ಚಪ್ಪಲಿಯ ಮೇಲೆ ಬಿದ್ದಿದ್ದ ನನ್ನ ಬೂಟನ್ನು ಸರಿಸಲೂ ನನ್ನ ಮುಖ ನೋಡಿದ. ನಾಚಿಕೆಯಿಂದ ನನಗೆ ಊಟ ಸೇರಲಿಲ್ಲ. ತಪ್ಪಾಯಿತು ಎಂದು ಮಗ ಅಪ್ಪನಿಗೆ ಹೇಳುವ ರೂಢಿ ನಮ್ಮಲ್ಲಿಲ್ಲ. ರೂಢಿಯಿಲ್ಲದ್ದು ನನ್ನ ಬಾಯಿಗೂ ಬರಲಿಲ್ಲ.

ಕೋಲು ಬಂದ ಮೇಲಿನ ಭಾನುವಾರ ಅಪ್ಪನನ್ನು ಕರೆದುಕೊಂಡು ಔರಾದ್ ಕಡೆಯ ಮಾಂಜ್ರಾ ನದಿಯ ದಂಡೆಗೆ ಹೋದೆ. ನಾನು ಬೀಸಿದ ದಾರ ಒಮ್ಮೆ ಕಾಲಿಗೆ ಸುತ್ತಿಕೊಂಡಿತು, ಒಮ್ಮೆ ಜಾಲಿಗಿಡಕ್ಕೆ ಸಿಕ್ಕಿಕೊಂಡಿತು. ಅಪ್ಪ ದೂರದಲ್ಲಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ನಾನೇ ಹತ್ತಿರ ಹೋಗಿ ಕೋಲು ಚಾಚಿದೆ.

"ಹಿಡಿ."

"ಮುರದ್ರ?"

"ಮುರೀಲಿ. ನಾ ಅವತ್ತ ಹಂಗ ಅನಬಾರದಿತ್ತು ಅಪ್ಪಾ."

ಅವನು ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಕೋಲು ತೆಗೆದುಕೊಂಡ. ಮೊದಲೆರಡು ಸಲ ದಾರ ಅವನ ಮಾತನ್ನೂ ಕೇಳಲಿಲ್ಲ. ಆಮೇಲೆ ನಿಂತು ಕೋಲನ್ನು ಸ್ವಲ್ಪ ಹೊತ್ತು ನೋಡಿದ. ಕವಣೆಯಲ್ಲಿ ಕಲ್ಲು ಬೀಸಿ, ದಾರಿ ತಪ್ಪಿದ ಕುರಿಯ ಮುಂದೆ ಬೀಳಿಸುತ್ತಿದ್ದ ಕೈ ಅದು. ಭಾರ ಹಿಂದೆ ಜಗ್ಗುವ ತನಕ ಕಾಯುವುದನ್ನು ಅದಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರನೆಯ ಸಲ ದಾರ ಬೆನ್ನ ಹಿಂದೆ ಪೂರಾ ಚಾಚಿಕೊಳ್ಳಲು ಬಿಟ್ಟು, ಆಮೇಲೆ ಮುಂದಕ್ಕೆ ಬೀಸಿದ. ಕೋಲು ಬಾಗಿತು, ದಾರ ನೇರ ಹೋಗಿ ನೀರಿನ ಮೇಲೆ ಮಲಗಿತು. ನಾನು ಬಾಯಿ ಬಿಟ್ಟುಕೊಂಡು ಅವನ ಬೆನ್ನ ಹಿಂದೆಯೇ ನಿಂತಿದ್ದೆ.

"ಏ ಮಬ್ಬ, ಹಿಂದ ಯಾಕ ನಿಂತಿ? ಗಾಳ ಕಣ್ಣಿಗಿ ಹತ್ತಿದ್ರ? ಸರಿ ಅತ್ತ!"

ದಂಡೆಯ ಆಚೆಗೂ ಕೇಳುವಂತೆ ಗದರಿದ. ಭಾಲ್ಕಿಗೆ ಬಂದ ಮೇಲೆ ಅಪ್ಪ ನನ್ನನ್ನು ಬೈದದ್ದು ಅದೇ ಮೊದಲು. ನಾನು ಸರಿದು ನಿಂತೆ.