ಕಾಲು ಬಿಡದ ಬೂಟು

ರಸ್ತೆ ಸರ್ವೇ ಕೆಲಸಕ್ಕೆ ಸೇರಿದ ಹೊಸದರಲ್ಲಿ ರಾಯಚೂರಿನ ಒಬ್ಬ ರೈಲು ಡ್ರೈವರನ ಹಳೇ ಬೂಟು ಕೊಂಡಿದ್ದೆ. ಮೊಣಕಾಲಿನವರೆಗೆ ದಪ್ಪ ಚರ್ಮ, ಲಾಡಿ ಇಲ್ಲ, ಪಕ್ಕಕ್ಕೆ ಎರಡು ಬಕಲು. ಹಾಕಿಕೊಂಡರೆ ನನಗೆ ನಾನೇ ಸಾಹೇಬನಂತೆ ಕಾಣುತ್ತಿದ್ದೆ.

ಮಾನ್ವಿಯಿಂದ ರಸ್ತೆ ಅಳೆಯುತ್ತ ಬಂದು ದೇವದುರ್ಗ ಮುಟ್ಟುವ ದಿನ ಹಳ್ಳದಲ್ಲಿ ಬೂಟು ನೆನೆಯಿತು, ಬಿಸಿಲಿಗೆ ಒಣಗಿ ಬಿಗಿಯಿತು. ದೇವದುರ್ಗದ ಮೇಷ್ಟ್ರು ಆಚಾರ್ಯರು ಊಟಕ್ಕೆ ಕರೆದಿದ್ದರು. ಅವರ ಮನೆ ಮುಟ್ಟುವಷ್ಟರಲ್ಲಿ ಕಾಲು ಬಾತಿತ್ತು. ಏನು ಮಾಡಿದರೂ ಬೂಟು ಬರಲೊಲ್ಲದು. ಒಳಗೆ ಎಲೆ ಹಾಕಿದ್ದಾರೆ, ಚರ್ಮ ಹೊಸ್ತಿಲು ದಾಟುವಂತಿಲ್ಲ. ಕಡೆಗೆ ಚಪ್ಪಲಿ ಹೊಲಿಯುವ ಯಲ್ಲಪ್ಪನನ್ನು ಕರೆಸಿದರು.

"ಕೊಯ್ದು ತಗಿಯೋ ಮಾರಾಯಾ," ಎಂದೆ.

ಅವನು ಹೊಲಿಗೆಯ ಮೇಲೆ ಬೆರಳಾಡಿಸಿದ. "ಇಂಥಾ ಹೊಲಿಗಿ ನಾ ನೋಡೇ ಇಲ್ರೀ ಸಾಹೇಬ್ರ. ಕೊಯ್ಯಾಕ ಕೈ ಬರವಲ್ದು. ಕುಂದರ್ರಿ."

ಬೂಟಿನೊಳಗೆ ಎಣ್ಣೆ ಬಿಟ್ಟ. ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂಸಿನ ಅಂಗಿ ಬಿಚ್ಚುವಂತೆ ಮೆಲ್ಲಗೆ ಎಳೆದ. ಬೂಟು ಬಂತು, ಇಬ್ಬರೂ ಅಂಗಳದಲ್ಲಿ ಬಿದ್ದೆವು. ನನಗೆ ಪೆಟ್ಟಾಯಿತೇ ಎಂದು ಕೇಳದೆ ಅವನು ಬೂಟನ್ನೇ ತಿರುಗಿಸಿ ನೋಡುತ್ತ ಕೂತ. "ಒಂದಿನ ಇಟಗೋತೀನ್ರಿ, ಹೊಲಿಗಿ ಕಲೀತೀನಿ," ಎಂದು ಒಯ್ದ, ಮರುದಿನ ತಂದು ಕೊಟ್ಟ.

ತಿಂಗಳ ಮೇಲೆ ಮತ್ತೆ ಹೋದಾಗ ಬೂಟಿನ ಸಹವಾಸ ಬೇಡವೆಂದು ಹರಕು ಚಪ್ಪಲಿಯಲ್ಲಿದ್ದೆ. ಬಜಾರಿನ ನಡುವೆ ಯಲ್ಲಪ್ಪ ತಾನೇ ಹೊಲಿದ ಅಂಥದೇ ಬೂಟು ತೊಟ್ಟು ಎದುರಾದ. ಹಿಂಬದಿ ಮಾತ್ರ ಸೀಳಿ, ಬಿಚ್ಚಿ ಕಟ್ಟುವ ಪಟ್ಟಿ ಹಚ್ಚಿದ್ದ.

"ನಿಮ್ಮ ಬೂಟಿಗೆ ಒಳಗ ಹೋಗೋ ದಾರಿ ಅಷ್ಟ ಇತ್ರೀ. ಹೊರಗ ಬರೋ ದಾರಿ ನಾ ಮಾಡೀನಿ."

ಇಬ್ಬರೂ ಕೂಡಿ ನಡೆದೆವು. ಪರ ಊರಿನ ಗಾಡಿಯವನೊಬ್ಬ ನಮ್ಮ ಕಾಲುಗಳನ್ನು ನೋಡಿ, ಯಲ್ಲಪ್ಪನಿಗೆ ಬಗ್ಗಿ ಸಲಾಂ ಮಾಡಿದ. ಸಾಹೇಬರ ಚೀಲ ಹೊರುವವನು ನಾನೇ ಅಂದುಕೊಂಡಿರಬೇಕು.