ಆರದ ಬಲ್ಬು

ಮೇನ್ ಸ್ವಿಚ್ ಇಳಿಸಿದ ಮೇಲೂ ಒಳಗಿನ ಬಲ್ಬು ಉರಿಯುತ್ತಲೇ ಇತ್ತು.

ಬದರುನ್ನೀಸಾ ಸೀರೆ ಎತ್ತಿ ಸಿಕ್ಕಿಸಿಕೊಂಡು ಹೊರಗಿನ ಮೆಟ್ಟಿಲ ಮೇಲೆ ನಿಂತಿದ್ದಳು. ಅಲ್ಲಾಳಸಂದ್ರ ಕೆರೆ ತುಂಬಿ ಹರಿದು, ಚರಂಡಿಯ ನೀರನ್ನೂ ಕೂಡಿಸಿಕೊಂಡು ಅವಳ ಒಂದು ಕೋಣೆಯ ಬಾಡಿಗೆ ಮನೆಗೆ ನುಗ್ಗಿತ್ತು. ಗೋಡೆಯ ಕೆಳಗಿನ ಪ್ಲಗ್ಗು ಆಗಲೇ ಮುಳುಗಿತ್ತು. ಮಂಚದ ಮೇಲೆ ಕೌದಿ; ಅದರ ಒಂದು ಅಂಚು ಜಾರಿ ನೀರಿಗೆ ಇಳಿಬಿದ್ದಿತ್ತು.

ಮೊಮ್ಮಗಳು ರುಖ್ಸಾರ್‌ಗೆ ಇದು ಚೊಚ್ಚಲು ಬಸಿರು; ಕೌದಿ ಹುಟ್ಟುವ ಕೂಸಿಗೆಂದು ಹೊಲಿದದ್ದು. ಮೊದಲ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದು ಅವರಲ್ಲಿಲ್ಲ. ಹಿರಿಯರು ಉಟ್ಟು ಮೆತ್ತಗಾದ ಬಟ್ಟೆಯೇ ಬೇಕು. ಅಂಚಿಗೆ ತನ್ನ ಸೀರೆ, ಆಮೇಲೆ ಅಕ್ಕನ ಕುರ್ತಾ, ನಡುವೆ ಗಂಡನ ನೀಲಿ ಚೌಕಳಿ ಲುಂಗಿ. ಅವನು ಹೋದಾಗ ಮಿಕ್ಕ ಬಟ್ಟೆಯನ್ನೆಲ್ಲ ಬಡವರಿಗೆ ಕೊಟ್ಟು, ಇದೊಂದನ್ನು ಇಟ್ಟುಕೊಂಡಿದ್ದಳು.

"ಮೇನ್ ಆಫ್ ಆಯ್ತಲ್ಲ ಬದರಮ್ಮ, ನಾಲ್ಕೇ ಹೆಜ್ಜೆ. ಎತ್ಕೊಂಡ್ ಬಂದ್ಬಿಡಿ!" ಎದುರುಮನೆಯ ಯಶೋಧಾ ಕೂಗಿದಳು.

"ಆಫ್ ಆಗಿದ್ರೆ ಅದ್ಯಾಕಮ್ಮ ಉರೀತಿದೆ?"

ಯಶೋಧಾ ಬಗ್ಗಿ ನೋಡಿದಳು. "ಅಯ್ಯೋ, ಅದು ಅನಂತರಾಜಣ್ಣನ ಯುಪಿಎಸ್ ಲೈನು! ಕಾಲಿಡ್ಬೇಡಿ!"

ಹೌದು. ಕರೆಂಟು ಹೋದಾಗ ಕತ್ತಲಲ್ಲಿ ಹೊಲಿಯುತ್ತಾಳೆಂದು ಮಹಡಿಯ ಮನೆ ಓನರ್ ಕನಿಕರಪಟ್ಟು ಎಳೆಸಿಕೊಟ್ಟಿದ್ದ ತಂತಿ. ಅದು ಈಗ ಮುಳುಗಿದ್ದ ಪ್ಲಗ್ಗಿನ ಹಾದಿಯಲ್ಲೇ ಬಂದಿತ್ತು.

ಫೋನು ಮಾಡಿದರೆ ಅವನು ಹೆಬ್ಬಾಳದಲ್ಲಿದ್ದ. "ಗಾಡಿ ಅಲ್ಲಾಡ್ತಿಲ್ಲಮ್ಮ. ಮನೆಗೆ ಬೀಗ, ಯುಪಿಎಸ್ ಒಳಗಿದೆ. ದಮ್ಮಯ್ಯ, ನೀರಿಗ್ ಮಾತ್ರ ಇಳೀಬೇಡಿ."

"ಎಷ್ಟೊತ್ತಾಗುತ್ತಪ್ಪ?"

"ನನ್ ಕೈಲಿದೆಯಾ?"

ಯಶೋಧಾ ಬಟ್ಟೆ ಒಣಹಾಕುವ ಕೋಲು ತಂದಳು. "ಇದ್ರಲ್ಲಿ ಎಳೆಯೋಣ್ವಾ?"

"ಕೋಲೂ ನೆಂದಿದೆ, ನಿನ್ ತಲೇನೂ ನೆಂದಿದೆ. ಸುಮ್ನೆ ಕೂತ್ಕೋ."

ಕೂತರು. ನೀರು ಬಟ್ಟೆಯನ್ನು ಹಿಡಿದು ಮೆಲ್ಲಗೆ ಹತ್ತಿತು. ಸೀರೆ ಕಪ್ಪಾಯಿತು. ಕುರ್ತಾ ಕಪ್ಪಾಯಿತು. ಬದರುನ್ನೀಸಾ ಬಲ್ಬನ್ನೊಮ್ಮೆ, ಕೌದಿಯನ್ನೊಮ್ಮೆ ನೋಡುತ್ತಿದ್ದಳು. ಹೊಲಿಯುವಾಗ ಎಷ್ಟು ಸಲ ಆ ಬೆಳಕಿಗೆ ದುವಾ ಮಾಡಿದ್ದಳೋ. ಈಗ ಅದು ಆರಿಹೋಗಲೆಂದು ಬೇಡಿದಳು. ಆರಲಿಲ್ಲ. ಲುಂಗಿಯ ಮೊದಲ ಚೌಕ ನೆನೆಯಿತು.

ಅನಂತರಾಜು ಬಂದು ಮೇಲೆ ಯುಪಿಎಸ್ ಆರಿಸಿದಾಗ ಮಧ್ಯಾಹ್ನ. ಬಲ್ಬು ಆರಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವಳು ಇಳಿದಳು. ಕೌದಿ ಹೆಣಭಾರವಾಗಿತ್ತು, ಮೋರಿ ನಾತ ಹೊಡೆಯುತ್ತಿತ್ತು.

"ಬ್ಲೀಚಿಂಗ್ ಪೌಡರ್ ಹಾಕಿ ನೆನೆಸಿದ್ರೆ?" ಎಂದಳು ಯಶೋಧಾ.

"ಮೇಲ್ಗಡೆ ಬಿಳೀ ಆಗುತ್ತೆ. ಒಳಗೆ ಏಳು ಪದರ ಇದೆಯಲ್ಲ? ಹಸಿಗೂಸಮ್ಮ ಅದು."

ಕೈಗಳಿಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಕೌದಿಯನ್ನು ಸುತ್ತಿ, ಬೀದಿಯ ಕಸದ ರಾಶಿಯ ಪಕ್ಕಕ್ಕಿಟ್ಟಳು. ಫೋನು ಬಂತು. ಯಶೋಧಾ ಅವಳ ಕಿವಿಗೆ ಹಿಡಿದಳು.

"ನಾನಿ, ಅಂಚು ಹೊಲ್ದಾಯ್ತಾ?" ರುಖ್ಸಾರ್ ಕೇಳಿದಳು.

"ನಿನ್ನೇನೇ ಆಯ್ತು ಮಗಾ."

"ಹಂಗಾದ್ರೆ ಶುಕ್ರವಾರ ಬಂದು ತಗೊಂಡ್ ಹೋಗ್ತೀನಿ."

ಬದರುನ್ನೀಸಾ ಕಸದ ಪಕ್ಕದ ಕೌದಿಯತ್ತ ತಿರುಗಿದಳು. ಕಸದ ಗಾಡಿ ಆಗಲೇ ಬೀದಿಯ ತಿರುವಿನಲ್ಲಿ ಕಾಣಿಸಿತ್ತು.